ಓದುಗರ ಪ್ರಶ್ನೆ, ಬಲ್ಲವರ ಉತ್ತರ: ಗ್ರೀಕ್ ದ್ವೀಪದಲ್ಲಿ ಚಳಿಗಾಲ

ಗ್ರೀಸಿನ ದ್ವೀಪಗಳ ಬೇಸಿಗೆಯ ಬಗ್ಗೆ ಬರೆದವರು ಬೇಕಾದಷ್ಟು ಜನ. ನವೆಂಬರಿನಿಂದ ಮಾರ್ಚಿವರೆಗೆ ಅಲ್ಲಿ ಮನೆ ಮಾಡಿಕೊಂಡಿರುವವರು, ಇರಲು ಹೊರಟವರು ಕೇಳಿದ ಪ್ರಶ್ನೆಗಳನ್ನು ಈ ಸಲ ಆರಿಸಿದ್ದೇವೆ. ಅಲ್ಲಿನ ಮನೆ, ಒಲೆ, ಹಡಗು, ಅಡುಗೆ ಬಲ್ಲವರು ಉತ್ತರಿಸಿದ್ದಾರೆ.

ಪ್ರಶ್ನೆ: ಮಗಳು ಸಿರೋಸ್ ದ್ವೀಪದ ಎರ್ಮೂಪೊಲಿಯಲ್ಲಿ ಏಜಿಯನ್ ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದಾಳೆ. ಹಳೆಯ ಕಲ್ಲಿನ ಮನೆಯ ಕೆಳಗಿನ ಭಾಗದಲ್ಲಿ ಬಾಡಿಗೆಗಿದ್ದಾಳೆ. ಹೊರಗೆ 13 ಡಿಗ್ರಿ ಇದ್ದಾಗಲೂ ಒಳಗೆ ಸ್ವೆಟರ್ ಮೇಲೆ ಕಂಬಳಿ ಹೊದ್ದು ಕೂರುತ್ತಾಳಂತೆ. ಬೀರುವಿನ ಹಿಂದೆ ಕಪ್ಪು ಬೂಸು, ಚರ್ಮದ ಬೆಲ್ಟಿಗೂ ಬೂಸು. ಗ್ಯಾಸ್ ಹೀಟರ್ ಕೊಳ್ಳಲೇ ಎಂದು ಕೇಳುತ್ತಿದ್ದಾಳೆ. ಏನು ಹೇಳಲಿ?

ಉತ್ತರ: ಗ್ಯಾಸ್ ಹೀಟರ್ ಬೇಡವೆನ್ನಿ. ಯಾಕೆ ಎನ್ನುವ ಮೊದಲು ಆ ಮನೆಯ ಸ್ವಭಾವ ತಿಳಿಯಬೇಕು.

ಸಿರೋಸ್ ಸೇರಿದ ಸಿಕ್ಲೇಡ್ಸ್ ದ್ವೀಪಗಳ ಹಳೆಯ ಮನೆಗಳನ್ನು ಕಟ್ಟಿದ್ದು ಬೇಸಿಗೆಯನ್ನು ತಡೆಯಲು. ಅರ್ಧ ಮೀಟರಿಗೂ ಮೀರಿದ ಕಲ್ಲಿನ ಗೋಡೆ, ಎತ್ತರದ ಛಾವಣಿ, ಅಮೃತಶಿಲೆಯ ಇಲ್ಲವೇ ಸಿಮೆಂಟಿನ ನೆಲ, ಒಂದೇ ಪದರ ಗಾಜಿನ ಮರದ ಕಿಟಕಿ. ಡಿಸೆಂಬರ್ ಹೊತ್ತಿಗೆ ಗೋಡೆಯಲ್ಲಿದ್ದ ಶಾಖವೆಲ್ಲ ಸೋರಿಹೋಗಿರುತ್ತದೆ. ಆಮೇಲೆ ಒಂದೆರಡು ದಿನ ಬಿಸಿಲು ಬಂದರೂ ಕಲ್ಲು ಬಿಸಿಯೇರುವುದಿಲ್ಲ. ಕೋಣೆಯ ಗಾಳಿ 20 ಡಿಗ್ರಿ, ತೇವಾಂಶ ಶೇ 60 ಎಂದಿಟ್ಟುಕೊಳ್ಳಿ. ಆ ಗಾಳಿ 12 ಡಿಗ್ರಿಯ ಗೋಡೆಗೆ ತಾಗಿದರೆ ಹನಿಗಟ್ಟುತ್ತದೆ. ಬೂಸಿಗಾದರೆ ಅಷ್ಟು ತಣ್ಣಗಿರಬೇಕೆಂದೂ ಇಲ್ಲ, ಗೋಡೆ 15–16 ಡಿಗ್ರಿ ಇದ್ದರೂ ಅದು ಬೇರೂರುತ್ತದೆ. ಬೀರುವಿನ ಹಿಂದೆ ಗಾಳಿಯಾಡದ ಕಾರಣ ಮೊದಲು ಅಲ್ಲೇ ಕಾಣಿಸಿಕೊಳ್ಳುತ್ತದೆ.

ಈಗ ಗ್ಯಾಸಿನ ವಿಷಯ. ಹೊಗೆ ಕೊಳವೆಯಿಲ್ಲದ, ಚಕ್ರದ ಮೇಲೆ ತಳ್ಳಿಕೊಂಡು ಹೋಗುವ ಸಿಲಿಂಡರ್ ಹೀಟರಿನಲ್ಲಿ ಒಂದು ಕಿಲೋ ಗ್ಯಾಸ್ ಉರಿದರೆ ಸುಮಾರು ಒಂದೂವರೆ ಲೀಟರ್ ನೀರು ಆವಿಯಾಗಿ ಅದೇ ಕೋಣೆಗೆ ಸೇರುತ್ತದೆ. ಮೈ ಬೆಚ್ಚಗಾಗುತ್ತದೆ, ಗೋಡೆ ಇನ್ನಷ್ಟು ಒದ್ದೆಯಾಗುತ್ತದೆ. ಮುಚ್ಚಿದ ಕೋಣೆಯಲ್ಲಿ ಕಾರ್ಬನ್ ಮೊನಾಕ್ಸೈಡ್ ಅಪಾಯ ಬೇರೆ. ಅದನ್ನು ಹಚ್ಚಿಟ್ಟು ಮಲಗುವುದಂತೂ ಕೂಡದು.

ಮಾಡಬೇಕಾದದ್ದು ಇಷ್ಟು. ಮೊದಲು ತೇವಾಂಶ ತೋರಿಸುವ ಸಣ್ಣ ಮೀಟರ್ ಒಂದನ್ನು ಕೊಳ್ಳಲಿ. ಅದು ತೋರಿಸುವ ಅಂಕಿ ಶೇ 50ರಿಂದ 60ರೊಳಗಿರಬೇಕು. 65 ದಾಟಿ ದಿನಗಟ್ಟಲೆ ನಿಂತರೆ ಬೂಸು ಖಚಿತ. ಆಮೇಲೆ ತೇವ ಹೀರುವ ಯಂತ್ರ, ಅಂದರೆ ಡಿಹ್ಯೂಮಿಡಿಫೈಯರ್. ದಿನಕ್ಕೆ 16ರಿಂದ 20 ಲೀಟರ್ ಎಂದು ಬರೆದಿರುವುದು ಎರಡು ಕೋಣೆಗೆ ಸಾಕು. ಆದರೆ ಆ ಅಂಕಿ 30 ಡಿಗ್ರಿ ಸೆಕೆಯಲ್ಲಿ ಅಳೆದದ್ದು. ಜನವರಿಯಲ್ಲಿ ಅದರ ಅರ್ಧ ಸಿಕ್ಕರೆ ಪುಣ್ಯ. ಕಂಪ್ರೆಸರ್ ಇರುವ ಯಂತ್ರವನ್ನು 15 ಡಿಗ್ರಿಗಿಂತ ತಣ್ಣಗಿನ ಕೋಣೆಯಲ್ಲಿ ಓಡಿಸಿದರೆ ಸುರುಳಿಗೆ ಮಂಜು ಕಟ್ಟಿ ಕೆಲಸ ನಿಧಾನವಾಗುತ್ತದೆ. ಕೋಣೆ ಬಿಸಿಯಾಗಿರುವಾಗಲೇ ಅದನ್ನೂ ಹಾಕಬೇಕು. ಜಾಲರಿಯನ್ನು ಎರಡು ವಾರಕ್ಕೊಮ್ಮೆ ತೊಳೆಯಲಿ.

ಬಿಸಿಗೆ ಇನ್ವರ್ಟರ್ ಎ.ಸಿ. ಒಳ್ಳೆಯದು. ಒಂದು ಯೂನಿಟ್ ವಿದ್ಯುತ್ತಿಗೆ ಮೂರರಷ್ಟು, ಕೆಲವೊಮ್ಮೆ ಅದಕ್ಕೂ ಹೆಚ್ಚು ಶಾಖ ಕೊಡುತ್ತದೆ. ಕಾಯಿಲ್ ಹೀಟರಿನಲ್ಲಿ ಒಂದಕ್ಕೆ ಒಂದೇ. ರಿಮೋಟಿನಲ್ಲಿ ಆಟೊ ಬಿಟ್ಟು ಸೂರ್ಯನ ಗುರುತನ್ನು ಆರಿಸಿ, 21–22ಕ್ಕೆ ಇಟ್ಟು ಗಂಟೆಗಟ್ಟಲೆ ಓಡಲು ಬಿಡಬೇಕು. 30ಕ್ಕೆ ಇಟ್ಟು ಅರ್ಧ ಗಂಟೆಗೆ ನಿಲ್ಲಿಸಿದರೆ ಗಾಳಿ ಬಿಸಿಯಾಗುತ್ತದೆ, ಗೋಡೆ ಹಾಗೇ ಉಳಿಯುತ್ತದೆ. ನಡುವೆ ಕೆಲವು ನಿಮಿಷ ತಾನಾಗಿ ನಿಂತರೆ ಕೆಟ್ಟಿತೆಂದು ಭಯಪಡಬೇಕಿಲ್ಲ, ಹೊರಗಿನ ಘಟಕ ತನ್ನ ಮಂಜು ಕರಗಿಸಿಕೊಳ್ಳುತ್ತಿರುತ್ತದೆ. ಸಮುದ್ರದ ಉಪ್ಪು ಆ ಘಟಕದ ಅಲ್ಯೂಮಿನಿಯಂ ರೆಕ್ಕೆಗಳನ್ನು ತಿನ್ನುತ್ತದೆ. ದೊಡ್ಡ ಬಿರುಗಾಳಿ ಮುಗಿದ ಮೇಲೆ ಸಿಹಿನೀರನ್ನು ಮೆಲ್ಲಗೆ ಹಾಯಿಸಿ ತೊಳೆಯಬೇಕು.

ಕಿಟಕಿ ತೆರೆಯುವ ದಿನವನ್ನು ಗಾಳಿ ನೋಡಿ ಆರಿಸಬೇಕು. ಹೊಸಬರು ಎಡವುವುದು ಇಲ್ಲೇ. ಉತ್ತರದ ಗಾಳಿ ಚಳಿಯದು, ಆದರೆ ಒಣ. ಅದು ಬೀಸುವಾಗ ಬೆಳಗ್ಗೆ, ಸಂಜೆ ಹತ್ತು ಹತ್ತು ನಿಮಿಷ ಎಲ್ಲ ಕಿಟಕಿ ಅಗಲವಾಗಿ ತೆರೆಯಲಿ. ದಕ್ಷಿಣದ ಗಾಳಿ ಹಿತವಾಗಿ ಬೆಚ್ಚಗಿರುತ್ತದೆ, ಆಫ್ರಿಕದ ಕೆಂಪು ಧೂಳನ್ನೂ ಕೆಲವೊಮ್ಮೆ ಹೊತ್ತು ತರುತ್ತದೆ, ಜೊತೆಗೆ ತುಂಬ ತೇವ. ಆ ದಿನ ‘ಚಳಿ ಬಿಟ್ಟಿತು’ ಎಂದು ಕಿಟಕಿ ತೆರೆದರೆ ತಣ್ಣಗಿನ ನೆಲ ಸಾರಿಸಿದ ಹಾಗೆ ಒದ್ದೆಯಾಗುತ್ತದೆ.

ಬೀರು, ಮಂಚಗಳನ್ನು ಹೊರಗೋಡೆಯಿಂದ ಒಂದು ಗೇಣು ಮುಂದೆ ಎಳೆಯಲಿ. ಮನೆಯೊಳಗೆ ಬಟ್ಟೆ ಹರವಿದರೆ ಒಂದು ಸಲದ ಒಗೆತಕ್ಕೆ ಸುಮಾರು ಎರಡು ಲೀಟರ್ ನೀರು ಗಾಳಿಗೆ ಸೇರುತ್ತದೆ. ಹರವಲೇಬೇಕಾದರೆ ಬಚ್ಚಲುಮನೆಯಲ್ಲಿ ತೇವ ಹೀರುವ ಯಂತ್ರ ಇಟ್ಟು ಬಾಗಿಲು ಮುಚ್ಚಲಿ. ಬೂಸನ್ನು ಬ್ಲೀಚ್ ಬೆರೆಸಿದ ನೀರಿನಿಂದ ಒರೆಸಬಹುದು. ಕೈಗವಸು ಹಾಕಿ, ಕಿಟಕಿ ತೆರೆದಿಟ್ಟೇ ಮಾಡಬೇಕು. ಗ್ರೀಕ್ ಮನೆಗಳ ಸಿಂಕಿನ ಕೆಳಗೆ ‘ಅಕ್ವಾಫೋರ್ತೆ’ ಎಂಬ ಬಾಟಲಿ ಸಾಮಾನ್ಯ. ಅದು ಹೈಡ್ರೋಕ್ಲೋರಿಕ್ ಆಮ್ಲ. ಬ್ಲೀಚಿನ ಜೊತೆ ಸೇರಿದರೆ ಕ್ಲೋರಿನ್ ವಿಷಾನಿಲ ಏಳುತ್ತದೆ. ಒಂದನ್ನು ಬಳಸಿದ ದಿನ ಇನ್ನೊಂದನ್ನು ಮುಟ್ಟಕೂಡದು. ಗೋಡೆಗೆ ಮತ್ತೆ ಬಣ್ಣ ಬಳಿಯುವುದಾದರೆ ಮನೆಯೊಡೆಯರನ್ನು ಕೇಳಿ ಸುಣ್ಣವನ್ನೇ ಬಳಿಯಲಿ. ಪ್ಲಾಸ್ಟಿಕ್ ಪೇಂಟು ಕಲ್ಲಿನ ತೇವವನ್ನು ಒಳಗೇ ಹಿಡಿದಿಟ್ಟು ಮರುವರ್ಷ ಹಪ್ಪಳದಂತೆ ಏಳುತ್ತದೆ.

ಪ್ರಶ್ನೆ: ಜನವರಿಯಲ್ಲಿ ಅಥೆನ್ಸಿಗೆ ಹೋಗಿ ಅಲ್ಲಿಂದ ಐದು ದಿನ ಯಾವುದಾದರೂ ಸಣ್ಣ ದ್ವೀಪದಲ್ಲಿರುವ ಯೋಚನೆ. ಚಳಿಗಾಲದಲ್ಲಿ ಹಡಗುಗಳು ನಿಂತುಹೋಗುತ್ತವೆ ಎನ್ನುತ್ತಾರೆ. ಎಷ್ಟು ನಿಜ?

ಉತ್ತರ: ಪೂರ್ತಿ ನಿಲ್ಲುವುದಿಲ್ಲ, ಕಡಿಮೆಯಾಗುತ್ತವೆ. ಬೇಸಿಗೆಯಲ್ಲಿ ದಿನಕ್ಕೆ ನಾಲ್ಕಾರು ಹಡಗು ಬರುವ ಕಡೆ ವಾರಕ್ಕೆ ಎರಡು ಮೂರು ಬರಬಹುದು. ವೇಗದ ಹಡಗುಗಳು ಬಹುಪಾಲು ಬಿಡುವಿನಲ್ಲಿರುತ್ತವೆ. ದೊಡ್ಡ ಹಡಗುಗಳೂ ಸರದಿಯ ಮೇಲೆ ವಾರ್ಷಿಕ ದುರಸ್ತಿಗೆ ಹೋಗುವುದು ಇದೇ ತಿಂಗಳುಗಳಲ್ಲಿ. ಅಕ್ಟೋಬರಿನಲ್ಲಿ ನೋಡಿದ ವೇಳಾಪಟ್ಟಿಯನ್ನು ನಂಬಬೇಡಿ.

ನೀವು ಕೇಳಿರುವ ‘ನಿಲ್ಲುವುದು’ ಬೇರೆ. ಅದು ಅಪಗೊರೆಫ್ತಿಕೊ, ಬಿರುಗಾಳಿಗೆ ಹಡಗು ಹೊರಡದಂತೆ ಬಂದರು ಅಧಿಕಾರಿಗಳು ಹೊರಡಿಸುವ ನಿಷೇಧ. ಹವಾಮಾನ ಇಲಾಖೆಯ ಮುನ್ಸೂಚನೆ ನೋಡಿ ತೀರ್ಮಾನಿಸುತ್ತಾರೆ. ಅಳತೆ ಬೊಫೋರ್ಟ್ ಎಂಬ ಗಾಳಿಯ ಮಾಪಕದ್ದು. ಸಾಮಾನ್ಯವಾಗಿ ದೊಡ್ಡ ಕಾರು-ಹಡಗುಗಳನ್ನು 8 ಬೊಫೋರ್ಟ್, ಅಂದರೆ ಗಂಟೆಗೆ 62ರಿಂದ 74 ಕಿಲೋಮೀಟರ್ ಗಾಳಿಗೆ ನಿಲ್ಲಿಸುತ್ತಾರೆ. ಸಣ್ಣವನ್ನೂ ವೇಗದವನ್ನೂ ಅದಕ್ಕೂ ಮೊದಲೇ. ನಿಷೇಧ ಅರ್ಧ ದಿನದಲ್ಲಿ ತೆರವಾಗಬಹುದು, ಮೂರು ದಿನ ಎಳೆಯಲೂಬಹುದು.

ನಿಷೇಧವಿಲ್ಲದಿದ್ದರೂ ಹಡಗು ನಿಮ್ಮ ದ್ವೀಪವನ್ನು ಬಿಟ್ಟು ಮುಂದೆ ಹೋಗುವುದುಂಟು. ಅನಾಫಿಯಂಥ ಕಡೆ ಬಂದರಿಗೆ ಮರೆಯಿಲ್ಲ, ಅಲೆ ಎದ್ದರೆ ಹಡಗು ಕಟ್ಟಲಾಗದು. ಇಕಾರಿಯಾದಲ್ಲಿ ಎರಡು ಬಂದರು, ಉತ್ತರಕ್ಕೆ ಎವ್ದಿಲೋಸ್, ದಕ್ಷಿಣಕ್ಕೆ ಆಯಿಯೋಸ್ ಕಿರಿಕೋಸ್. ಉತ್ತರದ ಗಾಳಿ ಜೋರಾದರೆ ಎವ್ದಿಲೋಸಿಗೆ ಬರಬೇಕಿದ್ದ ಹಡಗು ಇನ್ನೊಂದಕ್ಕೆ ಹೋಗುತ್ತದೆ. ನಡುವೆ ಬೆಟ್ಟದ ದಾರಿ. ಟ್ಯಾಕ್ಸಿ ಹಿಡಿಯಲು ಹೊತ್ತು ಬೇಕು.

ಆದ್ದರಿಂದ ಲೆಕ್ಕ ಹೀಗಿರಲಿ: ಊರಿಗೆ ಮರಳುವ ವಿಮಾನಕ್ಕೆ ಎರಡು ದಿನ ಮೊದಲೇ ದ್ವೀಪ ಬಿಟ್ಟು, ಆ ಎರಡು ದಿನ ಅಥೆನ್ಸಿನಲ್ಲಿರಿ. ಕೈಯಲ್ಲಿ ಐದೇ ದಿನವಿದ್ದರೆ ವಾರಕ್ಕೆರಡು ಹಡಗಿನ ದ್ವೀಪ ಬೇಡ. ಸಿರೋಸ್, ಪಾರೋಸ್, ನಾಕ್ಸೋಸ್ ಆಗಬಹುದು. ಅಥೆನ್ಸಿಗೆ ತೀರ ಹತ್ತಿರದ ಎಯ್ನಾ ಇನ್ನೂ ಸಲೀಸು, ಅಥೆನ್ಸಿನ ಬಂದರು ಪಿರೇಯಸ್ಸಿನಿಂದ ಒಂದೂಕಾಲು ಗಂಟೆ. ಕ್ರೀಟಿಗೆ ರಾತ್ರಿ ಹಡಗುಗಳು ಚಳಿಗಾಲವಿಡೀ ಓಡುತ್ತವೆ. ಅವು ದೊಡ್ಡವು, ಕುಲುಕಾಟವೂ ಕಡಿಮೆ. ‘ವಿಮಾನದಲ್ಲಿ ಹೋದರಾಯಿತು’ ಎಂದು ಪೂರ್ತಿ ನಿಶ್ಚಿಂತರಾಗಬೇಡಿ, ಸಿಕ್ಲೇಡ್ಸಿನ ಗಿಡ್ಡ ಓಡುದಾರಿಗಳಿಗೆ ಇಳಿಯುವ ಪಂಖದ ವಿಮಾನಗಳೂ ಅಡ್ಡಗಾಳಿಗೆ ರದ್ದಾಗುತ್ತವೆ.

ಪ್ರಯಾಣದ ಹಿಂದಿನ ಸಂಜೆ ದ್ವೀಪದ ಟಿಕೆಟ್ ಕಚೇರಿಗೆ ಫೋನ್ ಮಾಡಿ. ಮೊಬೈಲ್ ಆ್ಯಪಿಗಿಂತ ಮೊದಲು ಸುದ್ದಿ ಅವರಿಗೆ ಬಂದಿರುತ್ತದೆ. ಗಾಳಿಯಿಂದ ರದ್ದಾದರೆ ಹಣ ವಾಪಸ್ ಪಡೆಯಬಹುದು, ಇಲ್ಲವೇ ಬೇರೆ ದಿನಕ್ಕೆ ಬದಲಿಸಿಕೊಳ್ಳಬಹುದು. ವಿಮಾನ ನಿಲ್ದಾಣದಿಂದ ಪಿರೇಯಸ್ಸಿಗೆ 2022ರಿಂದ ನೇರ ಮೆಟ್ರೊ ಇದೆ. ಬಂದರು ಮಾತ್ರ ಬಲು ಉದ್ದ. ಟಿಕೆಟ್ಟಿನಲ್ಲಿ ಬರೆದ ಗೇಟ್ ಸಂಖ್ಯೆ ನೋಡದೆ ಇಳಿದರೆ ಸೂಟ್‌ಕೇಸ್ ಎಳೆದು ಸುಸ್ತಾಗುತ್ತೀರಿ. ವಾಂತಿಯಾಗುವವರು ಹಡಗಿನ ನಡುಭಾಗದಲ್ಲಿ, ಆದಷ್ಟು ಕೆಳಗಿನ ಅಂತಸ್ತಿನಲ್ಲಿ ಕೂರಲಿ. ಮಾತ್ರೆಯನ್ನು ಹೊರಡುವ ಮುಂಚೆ ನುಂಗಬೇಕು, ಅಲೆ ಶುರುವಾದ ಮೇಲೆ ನುಂಗಿದರೆ ಉಪಯೋಗ ಕಡಿಮೆ.

ಪ್ರಶ್ನೆ: ಹಡಗು ಬಾರದ ದಿನಗಳಿಗೆ ಮನೆಯಲ್ಲಿ ಏನೇನು ಕೂಡಿಟ್ಟಿರಬೇಕು?

ಉತ್ತರ: ಅಂಗಡಿಯಲ್ಲಿ ಮೊದಲು ಖಾಲಿಯಾಗುವುದು ತಾಜಾ ಹಾಲು, ತರಕಾರಿ, ಮೊಸರು. ಬ್ರೆಡ್ಡಿಗೆ ತೊಂದರೆ ಕಡಿಮೆ, ಬೇಕರಿಯವರಲ್ಲಿ ಹಿಟ್ಟಿನ ದಾಸ್ತಾನು ಇರುತ್ತದೆ. ಒಂದು ವಾರಕ್ಕೆ ಕೆಡದ ಟೆಟ್ರಾ ಪ್ಯಾಕ್ ಹಾಲು, ಕಾಳು, ಅಕ್ಕಿ, ಕುಡಿಯುವ ನೀರು ಇರಲಿ. ದಿನಾ ನುಂಗುವ ಮಾತ್ರೆ ಎರಡು ವಾರದ್ದು ಮುಂಗಡವಾಗಿ ಇರಲಿ. ಸ್ವಲ್ಪ ನಗದು ಬೇಕೇ ಬೇಕು. ಕರೆಂಟ್ ಹೋದರೆ ಕಾರ್ಡ್ ಯಂತ್ರವೂ ಎ.ಟಿ.ಎಂ. ಕೂಡ ಸುಮ್ಮನಾಗುತ್ತವೆ.

ಪ್ರಶ್ನೆ: ಲೆಸ್ಬೋಸ್ ದ್ವೀಪದ ಹಳ್ಳಿಯಲ್ಲಿ ತಮ್ಮನ ಸಂಸಾರವಿದೆ. ಕಟ್ಟಿಗೆ ಒಲೆ ಹಚ್ಚಿದರೆ ಹೊಗೆ ಕೋಣೆಗೇ ತಿರುಗುತ್ತದೆ, ಗಾಜು ಒಂದೇ ದಿನಕ್ಕೆ ಕಪ್ಪಾಗುತ್ತದೆ. ಕಟ್ಟಿಗೆ ಆಲಿವ್ ಮರದ್ದು, ಒಳ್ಳೆಯದೆಂದೇ ಕೊಂಡದ್ದು.

ಉತ್ತರ: ಆಲಿವ್ ಕಟ್ಟಿಗೆ ನಿಜಕ್ಕೂ ಒಳ್ಳೆಯದು. ಗಟ್ಟಿ, ಹೊತ್ತುಹೊತ್ತು ಕೆಂಡವಾಗಿ ಉಳಿಯುತ್ತದೆ. ಆದರೆ ಆ ಗಟ್ಟಿತನದಿಂದಲೇ ಒಣಗುವುದು ನಿಧಾನ. ಸೀಳಿ, ಮಳೆ ಬೀಳದ, ಗಾಳಿಯಾಡುವ ಕಡೆ ಎರಡು ಬೇಸಿಗೆ ಇಟ್ಟಿರಬೇಕು. ಕಳೆದ ಚಳಿಗಾಲ ಕಡಿದದ್ದನ್ನು ಈ ಚಳಿಗಾಲ ಒಣಗಿದ್ದೆಂದು ಮಾರುವವರಿದ್ದಾರೆ. ತೇವ ಅಳೆಯುವ ಎರಡು ಮೊಳೆಯ ಸಣ್ಣ ಮೀಟರ್ ಸಿಗುತ್ತದೆ. ತುಂಡನ್ನು ಹೊಸದಾಗಿ ಸೀಳಿ ಒಳಮೈಗೆ ಚುಚ್ಚಿ ನೋಡಬೇಕು, ಹೊರಮೈ ಸುಳ್ಳು ಹೇಳುತ್ತದೆ. ಶೇ 20ರೊಳಗಿದ್ದರೆ ಸರಿ. ತೂಕದ ಲೆಕ್ಕದಲ್ಲಿ ಹಸಿ ಕಟ್ಟಿಗೆ ಕೊಂಡರೆ ನೀರಿಗೂ ದುಡ್ಡು ಕೊಟ್ಟಂತೆ.

ಹಸಿ ಕಟ್ಟಿಗೆಯ ಬೆಂಕಿಗೆ ಬಿಸಿ ಸಾಲದು. ತಣ್ಣಗಿನ ಹೊಗೆ ಕೊಳವೆಯ ಒಳಮೈಗೆ ಡಾಂಬರಿನಂತೆ ಅಂಟಿಕೊಳ್ಳುತ್ತದೆ, ದಾರಿ ಕಿರಿದಾಗುತ್ತದೆ. ಮುಂದೊಂದು ದಿನ ಅದಕ್ಕೇ ಬೆಂಕಿ ಹತ್ತಿ ಕೊಳವೆ ಗುಡುಗಿದಂತೆ ಉರಿಯುವುದೂ ಉಂಟು. ಪ್ರತಿವರ್ಷ ಸೆಪ್ಟೆಂಬರ್, ಅಕ್ಟೋಬರಿನಲ್ಲಿ, ಮೊದಲ ಬೆಂಕಿಗೆ ಮುನ್ನ, ಕೊಳವೆಯಷ್ಟೇ ಅಗಲದ ಬ್ರಷ್ ಇಳಿಸಿ ಉಜ್ಜಿಸಬೇಕು. ಅಡ್ಡಕ್ಕೆ ಹೋಗುವ ತುಂಡಿದ್ದರೆ ಅದನ್ನು ಬಿಚ್ಚಿಯೇ ನೋಡಬೇಕು, ಮಸಿ ಕೂರುವುದು ಅಲ್ಲೇ.

ಕಟ್ಟಿಗೆ ಒಣಗಿದ್ದು, ಕೊಳವೆಯೂ ಶುಭ್ರ, ಆದರೂ ಹೊಗೆ ತಿರುಗಿದರೆ ಮೂರು ಕಡೆ ನೋಡಲಿ. ಅಡುಗೆಮನೆಯ ಎಕ್ಸಾಸ್ಟ್ ಫ್ಯಾನ್ ಓಡುತ್ತಿದೆಯೇ? ಕಿಟಕಿಗಳೆಲ್ಲ ಬಿಗಿಯಾಗಿ ಮುಚ್ಚಿದ್ದಾಗ ಅದು ಗಾಳಿಯನ್ನು ಕೊಳವೆಯಿಂದಲೇ ಕೆಳಕ್ಕೆಳೆಯುತ್ತದೆ. ಕಿಟಕಿಯನ್ನು ಒಂದು ಬೆರಳು ತೆರೆದರೆ ತಕ್ಷಣ ಗೊತ್ತಾಗುತ್ತದೆ. ಎರಡನೆಯದು, ಕೊಳವೆ ತೀರ ತಣ್ಣಗಿದ್ದು ಹೊಗೆ ಮೇಲೇರಲಾಗದೆ ಇರುವುದು. ಕಟ್ಟಿಗೆಗೆ ಮುಂಚೆ ಒಂದು ಪತ್ರಿಕೆಯ ಹಾಳೆ ಸುತ್ತಿ ಕೊಳವೆಯ ಬಾಯಿಗೆ ಹಿಡಿದು ಉರಿಸಲಿ. ಮೂರನೆಯದು, ತಾರಸಿಯ ಮೇಲೆ ಕೊಳವೆ ಗಿಡ್ಡವಾಗಿರುವುದು. ಪಕ್ಕದ ಗೋಡೆಗಿಂತ ತಗ್ಗಿದ್ದರೆ ಗಾಳಿ ಆ ಗೋಡೆಗೆ ಬಡಿದು ಕೊಳವೆಯೊಳಗೆ ಇಳಿಯುತ್ತದೆ. ಉದ್ದ ಹೆಚ್ಚಿಸಬೇಕು, ಇಲ್ಲವೇ ಗಾಳಿಯೊಂದಿಗೆ ತಿರುಗುವ ಟೋಪಿ ಹಾಕಿಸಬೇಕು.

ಸಮುದ್ರ ದಂಡೆಗೆ ತಂದೆಸೆದ ಮರ, ಹಳೆಯ ದೋಣಿಯ ಬಣ್ಣ ಬಳಿದ ಹಲಗೆ ಬಿಟ್ಟಿ ಸಿಗುತ್ತವೆಂದು ಒಲೆಗೆ ಹಾಕದಿರಲಿ. ಉಪ್ಪು ಕಬ್ಬಿಣವನ್ನು ತಿನ್ನುತ್ತದೆ, ಹೊಗೆಯೂ ವಿಷ. ಇಡೀ ಮನೆಗೆ ಡೀಸೆಲ್ ಬಾಯ್ಲರ್ ಇದ್ದರೆ ಬಿಸಿಗೆಂದೇ ಕಡಿಮೆ ತೆರಿಗೆಯಲ್ಲಿ ಮಾರುವ ಎಣ್ಣೆ ಅಕ್ಟೋಬರ್ 15ರಿಂದ ಏಪ್ರಿಲ್ 30ರವರೆಗೆ ಸಿಗುತ್ತದೆ. ಹಲವರು ಮರದ ಪುಡಿ ಒತ್ತಿ ಮಾಡಿದ ಗುಳಿಗೆ ಉರಿಸುವ ಪೆಲೆಟ್ ಒಲೆಗೆ ಹೊರಳಿದ್ದಾರೆ, 15 ಕಿಲೋ ಚೀಲಗಳು, ಗಲೀಜು ಕಡಿಮೆ. ಕರೆಂಟ್ ಇಲ್ಲದೆ ಅದು ಓಡದು ಎನ್ನುವುದೊಂದೇ ತೊಡಕು. ಬಿರುಗಾಳಿಯ ರಾತ್ರಿಯೇ ಕರೆಂಟ್ ಹೋಗುವುದು! ಯಾವ ಒಲೆಯಾದರೂ ಕಾರ್ಬನ್ ಮೊನಾಕ್ಸೈಡ್ ಅಲಾರಂ ಒಂದನ್ನು ಕೋಣೆಯಲ್ಲಿ ಹಾಕಿಸಲಿ.

ಪ್ರಶ್ನೆ: ಮಳೆಯಿಲ್ಲ, ಸಿಡಿಲಿಲ್ಲ, ಗಾಳಿ ನಿಂತ ಮೇಲೆ ಕರೆಂಟ್ ಹೋಗುತ್ತದೆ. ಇದೆಂಥ ವಿಚಿತ್ರ? ಕೆಲವೊಮ್ಮೆ ನಮ್ಮ ಮನೆಯದು ಮಾತ್ರ ಹೋಗುತ್ತದೆ.

ಉತ್ತರ: ಎರಡೂ ಬೇರೆ ಬೇರೆ ಕಾರಣ. ಬಿರುಗಾಳಿ ಸಮುದ್ರದ ತುಂತುರನ್ನು ಎತ್ತಿ ತಂದು ಕಂಬದ ಪಿಂಗಾಣಿ ಇನ್ಸುಲೇಟರುಗಳ ಮೇಲೆ ಉಪ್ಪಿನ ಪದರ ಕಟ್ಟುತ್ತದೆ. ಒಣಗಿರುವಷ್ಟು ಹೊತ್ತು ತೊಂದರೆಯಿಲ್ಲ. ಗಾಳಿ ನಿಂತು ಇಬ್ಬನಿ ಬಿದ್ದರೆ, ತುಂತುರು ಮಳೆ ಬಂದರೆ ಆ ಉಪ್ಪು ಕರಗಿ ವಿದ್ಯುತ್ತಿಗೆ ದಾರಿಯಾಗುತ್ತದೆ, ಕಿಡಿ ಹಾರಿ ಲೈನ್ ಬೀಳುತ್ತದೆ. ಜೋರು ಮಳೆ ಬಂದರೆ ತೊಳೆದು ಹೋಗಿ ಸರಿಯಾಗುತ್ತದೆ. ಕರೆಂಟ್ ಮರಳುವಾಗ ಜಿಗಿತವಿರುತ್ತದೆ, ಫ್ರಿಜ್ ಮತ್ತು ಕಂಪ್ಯೂಟರಿನ ಪ್ಲಗ್ ಕಿತ್ತಿಡಿ.

ನಿಮ್ಮ ಮನೆಯದು ಮಾತ್ರ ಹೋದರೆ ಬೋರ್ಡ್ ನೋಡಿ. ಸಾಧಾರಣ ಮನೆಗೆ ಸಿಗುವುದು ಸಿಂಗಲ್ ಫೇಸ್, 35 ಆಂಪಿಯರ್, ಹೆಚ್ಚೆಂದರೆ 8 ಕಿಲೋವ್ಯಾಟ್. ನೀರಿನ ಹೀಟರ್ 4, ವಿದ್ಯುತ್ ಓವನ್ 3, ಬಟ್ಟೆ ಯಂತ್ರ 2, ಒಟ್ಟಿಗೆ ಹಾಕಿದರೆ ಮೇನ್ ಬೀಳದೆ ಇನ್ನೇನು? ಹಾಗಲ್ಲದೆ ಮಳೆಯ ಮರುದಿನ ಸೋರಿಕೆ ಹಿಡಿಯುವ ಸ್ವಿಚ್ಚೇ ಬೀಳುತ್ತಿದ್ದರೆ ಅಂಗಳದ ಲೈಟು, ತಾರಸಿಯ ಪ್ಲಗ್ ಒಳಗೆ ನೀರು ಹೋಗಿರುತ್ತದೆ. ಎಲ್ಲ ಸಣ್ಣ ಸ್ವಿಚ್ಚುಗಳನ್ನು ಇಳಿಸಿ, ಆ ಸ್ವಿಚ್ ಮೇಲೆತ್ತಿ, ಆಮೇಲೆ ಒಂದೊಂದಾಗಿ ಹಾಕಿ. ಯಾವುದಕ್ಕೆ ಮತ್ತೆ ಬೀಳುತ್ತದೋ ಅದನ್ನು ಇಳಿಸಿಯೇ ಬಿಟ್ಟು ಎಲೆಕ್ಟ್ರಿಷಿಯನ್ ಕರೆಯಿರಿ.

ಪ್ರಶ್ನೆ: ತಾರಸಿಯಲ್ಲಿ ಸೋಲಾರ್ ಹೀಟರ್ ಇದೆ. ಬಿಸಿಲಿದ್ದ ದಿನವೂ ಬೆಳಗ್ಗೆ ನೀರು ಉಗುರುಬೆಚ್ಚಗೆ. ಕೆಟ್ಟಿದೆಯೇ?

ಉತ್ತರ: ಬಹುಶಃ ಇಲ್ಲ. ಚಳಿಗಾಲದ ಗಿಡ್ಡ ಹಗಲಿನಲ್ಲಿ ಬಿಸಿಯಾದದ್ದು ರಾತ್ರಿಯಿಡೀ ಗಾಳಿಗೆ ಒಡ್ಡಿಕೊಂಡ ಟ್ಯಾಂಕಿನಲ್ಲಿ ಆರುತ್ತದೆ. ಅಲ್ಲಿನವರು ಮಧ್ಯಾಹ್ನ ಮೂರರಿಂದ ಸಂಜೆಯೊಳಗೆ ಸ್ನಾನ ಮಾಡುವುದು ಇದಕ್ಕೇ. ಮೋಡದ ದಿನಕ್ಕೆ ಟ್ಯಾಂಕಿನೊಳಗೆ 4 ಕಿಲೋವ್ಯಾಟಿನ ಕಾಯಿಲ್ ಇರುತ್ತದೆ. ಬೋರ್ಡಿನಲ್ಲಿ ‘ಥೆರ್ಮೊಸಿಫೊನಾಸ್’ ಎಂದು ಬರೆದ ಸ್ವಿಚ್ ಅದರದ್ದು. ಅರ್ಧ ಗಂಟೆ ಹಾಕಿದರೆ 2 ಯೂನಿಟ್ ಖರ್ಚಾಗಿ ಸುಮಾರು 60 ಲೀಟರ್ ನೀರು 28–29 ಡಿಗ್ರಿಯಷ್ಟು ಏರುತ್ತದೆ. ಒಬ್ಬರಿಗೆ ಧಾರಾಳ, ಹಿಡಿತದಲ್ಲಿ ಬಳಸಿದರೆ ಇಬ್ಬರಿಗೆ. 150 ಲೀಟರ್ ಟ್ಯಾಂಕ್ ಪೂರ್ತಿ ಕಾಯಲು ಒಂದೂಕಾಲು ಗಂಟೆ ಮೀರುತ್ತದೆ. ರಾತ್ರಿ ಹಾಕಿಟ್ಟು ಮಲಗಬೇಡಿ.

ಬಿಸಿಲಿನ ದಿನ ಸಂಜೆಯೂ ನೀರು ಬೆಚ್ಚಗಾಗದಿದ್ದರೆ ಮಾತ್ರ ದುರಸ್ತಿಯ ಮಾತು. ಗಾಜಿನ ಮೇಲೆ ಕೆಂಪು ಧೂಳು ಕೂತಿದೆಯೇ ನೋಡಿ. ಇಲ್ಲವಾದರೆ ಪ್ಯಾನೆಲ್ ಮತ್ತು ಟ್ಯಾಂಕಿನ ಹೊರಪದರದ ನಡುವೆ ಸುತ್ತುವ ದ್ರವ ಇಳಿದಿರಬಹುದು, ತುಂಬಿಸಬೇಕು. ಹೆಪ್ಪುಗಟ್ಟದ ಆ ದ್ರವದ ಬದಲು ಬರೀ ನಲ್ಲಿ ನೀರು ತುಂಬಿಸಬೇಡಿ. ಗಡಸು ನೀರಿನ ದ್ವೀಪಗಳಲ್ಲಿ ಟ್ಯಾಂಕಿನೊಳಗಿನ ಮೆಗ್ನೀಸಿಯಂ ಸರಳನ್ನು ಎರಡು ವರ್ಷಕ್ಕೊಮ್ಮೆ ಬಿಚ್ಚಿ ನೋಡಿಸಬೇಕು. ಟ್ಯಾಂಕಿನ ಉಕ್ಕಿನ ಬದಲು ತುಕ್ಕು ಆ ಸರಳನ್ನು ತಿನ್ನುತ್ತದೆ. ಸರಳು ಮುಗಿದ ಮೇಲೆ ಟ್ಯಾಂಕಿನ ಸರದಿ.

ಪ್ರಶ್ನೆ: ಮನೆಯೊಡತಿ ‘ಸ್ತೆರ್ನಾ ನೀರು ಕುಡಿಯಬಹುದು’ ಎನ್ನುತ್ತಾರೆ. ಅದು ತಾರಸಿಯಿಂದ ತೊಟ್ಟಿಗಿಳಿದ ಮಳೆನೀರು. ನಂಬಬಹುದೇ?

ಉತ್ತರ: ತಾರಸಿಯನ್ನು ಹೇಗಿಟ್ಟಿದ್ದಾರೆ ಎನ್ನುವುದರ ಮೇಲೆ ನಿಂತಿದೆ. ಸಿಕ್ಲೇಡ್ಸಿನಲ್ಲಿ ವರ್ಷಕ್ಕೆ 350–400 ಮಿಲಿಮೀಟರ್ ಮಳೆ, ಅದೂ ಬಹುಪಾಲು ಚಳಿಗಾಲದಲ್ಲೇ. 60 ಚದರ ಮೀಟರ್ ತಾರಸಿಗೆ 20 ಸಾವಿರ ಲೀಟರ್ ಆಸುಪಾಸು ಬೀಳುತ್ತದೆ. ಬೇಸಿಗೆಯ ಕೊನೆಯಲ್ಲಿ ತಾರಸಿ ಗುಡಿಸಿ ಸುಣ್ಣ ಬಳಿದು, ಮೊದಲ ಒಂದೆರಡು ಮಳೆಯನ್ನು ಹೊರಗೆ ಹರಿಬಿಟ್ಟು, ಆಮೇಲೆ ತೊಟ್ಟಿಯ ಬಾಯಿ ತೆರೆಯುವುದು ಹಳೆಯ ಕ್ರಮ. ಅದನ್ನು ಪಾಲಿಸಿದ್ದರೂ ಹಕ್ಕಿ, ಬೆಕ್ಕುಗಳು ಓಡಾಡುವ ಜಾಗ ಅದು, ಕುದಿಸಿಯೇ ಕುಡಿಯಿರಿ. ತಾರಸಿಗೆ ಸುಣ್ಣದ ಬದಲು ನೀರು ತಡೆಯುವ ರಬ್ಬರ್ ಪೇಂಟ್ ಬಳಿದಿದ್ದರೆ ಗಿಡಕ್ಕೆ, ನೆಲ ತೊಳೆಯಲು ಮಾತ್ರ.

ಪ್ರಶ್ನೆ: ನಾವು ಸಸ್ಯಾಹಾರಿಗಳು. ಬೇಸಿಗೆಯ ಹೋಟೆಲುಗಳೆಲ್ಲ ಮುಚ್ಚಿರುವಾಗ ಊಟಕ್ಕೇನು ಗತಿ?

ಉತ್ತರ: ಗತಿಗೇನೂ ಕೊರತೆಯಿಲ್ಲ. ಸಸ್ಯಾಹಾರಿಗಳಿಗೆ ಬೇಸಿಗೆಗಿಂತ ಚಳಿಗಾಲವೇ ವಾಸಿ. ಆರ್ಥಡಾಕ್ಸ್ ಕ್ರೈಸ್ತರಿಗೆ ನವೆಂಬರ್ 15ರಿಂದ ಕ್ರಿಸ್‌ಮಸ್‌ವರೆಗೆ ಒಂದು ಉಪವಾಸ, ಈಸ್ಟರಿಗೆ ಮುನ್ನ ಇನ್ನೊಂದು, ಬುಧವಾರ ಶುಕ್ರವಾರದ್ದು ಬೇರೆ. ಆಗ ಮಾಂಸ, ಹಾಲು, ಮೊಟ್ಟೆ ಇಲ್ಲದ ‘ನಿಸ್ತೀಸಿಮೊ’ ಅಡುಗೆ ಮನೆಯಲ್ಲೂ ಬೇಕರಿಯಲ್ಲೂ ಸಿಗುತ್ತದೆ. ಎಚ್ಚರ ಒಂದು ಕಡೆ ಬೇಕು: ಆ ಉಪವಾಸಕ್ಕೆ ಆಕ್ಟೋಪಸ್, ಸಿಗಡಿ, ಚಿಪ್ಪುಮೀನು ನಡೆಯುತ್ತವೆ. ನಿಸ್ತೀಸಿಮೊ ಎಂದ ಮಾತ್ರಕ್ಕೆ ನಮ್ಮ ಸಸ್ಯಾಹಾರ ಎಂದುಕೊಳ್ಳಬಾರದು. ಬಿಳಿ ಕಾಳಿನ ಸಾರು ಫಸೊಲಾದಾ, ಮಸೂರದ ಫಾಕೆಸ್, ಪಾಲಕ್ ಅನ್ನ ಸ್ಪನಕೊರಿಜೊ ನಿಶ್ಚಿಂತೆಯಿಂದ ಉಣ್ಣಬಹುದು, ‘ಸಾಸೇಜ್ ಹಾಕಿಲ್ಲ ತಾನೆ’ ಎಂದು ಒಮ್ಮೆ ಕೇಳಿಕೊಂಡು. ಎಲೆಕೋಸಿನ ಸುರುಳಿಯಲ್ಲಿ ಸಾಮಾನ್ಯವಾಗಿ ಕೈಮಾ ಇರುತ್ತದೆ.

ಸಿಫ್ನೋಸ್ ದ್ವೀಪದ ರೆವಿಥಾದಾ ಮನೆಯಲ್ಲೇ ಮಾಡಿಕೊಳ್ಳಿ. ಅಲ್ಲಿ ಶನಿವಾರ ಸಂಜೆ ಮಣ್ಣಿನ ಮಡಕೆಗಳನ್ನು ಕಟ್ಟಿಗೆ ಓವನ್ನಿಗೆ ಇಟ್ಟು ಭಾನುವಾರ ಚರ್ಚಿನಿಂದ ಮರಳುವಾಗ ತೆಗೆಯುತ್ತಾರೆ. ಅರ್ಧ ಕಿಲೋ ಕಾಬೂಲಿ ಕಡಲೆಯನ್ನು 12 ಗಂಟೆ ನೆನೆಸಿ, ನೀರು ಬಸಿದು ತೊಳೆಯಿರಿ. ದೊಡ್ಡ ಈರುಳ್ಳಿ ಎರಡು, ಹೋಳು ಮಾಡಿದ್ದು. ಆಲಿವ್ ಎಣ್ಣೆ 120 ಮಿಲಿಲೀಟರ್, ಹೆಚ್ಚಾಯಿತೆಂದು ಕಡಿಮೆ ಮಾಡಬೇಡಿ, ಸಾರು ಗಟ್ಟಿಯಾಗುವುದು ಅದರಿಂದಲೇ. ದಾಫ್ನಿ ಎಲೆ (ಬೇ ಲೀಫ್) ಎರಡು, ಉಪ್ಪು, ಕಡಲೆಯ ಮೇಲೆ ಎರಡು ಬೆರಳು ನಿಲ್ಲುವಷ್ಟು ನೀರು. ಮುಚ್ಚಳ ಬಿಗಿಯಾಗಿರಬೇಕು, ಸಂದಿದ್ದರೆ ಹಿಟ್ಟು ಮೆತ್ತಿ. 160 ಡಿಗ್ರಿಯಲ್ಲಿ ನಾಲ್ಕು ಗಂಟೆ. ಎರಡು ಗಂಟೆಯ ಮೇಲೆ ಒಮ್ಮೆ ನೀರು ನೋಡಿ, ಕಡಿಮೆಯಾಗಿದ್ದರೆ ಕುದಿಯುವ ನೀರನ್ನೇ ಹಾಕಿ. ನಿಂಬೆರಸ ತಟ್ಟೆಗೆ ಬಡಿಸಿದ ಮೇಲೆ. ಮೊದಲೇ ಹುಳಿ ಬಿದ್ದರೆ ಕಡಲೆ ಎಷ್ಟು ಬೇಯಿಸಿದರೂ ಗಟ್ಟಿ. ಗಡಸು ನೀರಿನಲ್ಲೂ ಅದೇ ಪಾಡು, ಸುಣ್ಣದಂಶ ಸಿಪ್ಪೆಯನ್ನು ಬಿಗಿಹಿಡಿಯುತ್ತದೆ. ಅಂಥ ಕಡೆ ನೆನೆಸುವ ನೀರಿಗೆ ಒಂದು ಟೀ ಚಮಚ ಅಡುಗೆ ಸೋಡಾ ಹಾಕಿ ಚೆನ್ನಾಗಿ ತೊಳೆದುಬಿಡಿ.

ಇನ್ನು ಹೊರ್ತಾ, ಮೊದಲ ಮಳೆ ಬಿದ್ದ ಮೇಲೆ ಗುಡ್ಡದಲ್ಲಿ ಏಳುವ ಕಾಡು ಸೊಪ್ಪು. ಹೆಂಗಸರು ಚಾಕು, ಚೀಲ ಹಿಡಿದು ಹೊರಡುತ್ತಾರೆ. ಮಣ್ಣು ಹೋಗುವ ತನಕ ಮೂರು ನಾಲ್ಕು ನೀರಿನಲ್ಲಿ ತೊಳೆದು, ಧಾರಾಳ ಉಪ್ಪುನೀರಿನಲ್ಲಿ ಮುಚ್ಚಳವಿಲ್ಲದೆ ಹತ್ತು ನಿಮಿಷ ಬೇಯಿಸಿ, ಬಸಿದು ಎಣ್ಣೆ, ನಿಂಬೆ ಹಾಕಿದರೆ ಮುಗಿಯಿತು. ನೀವಾಗಿ ಕೀಳಲು ಹೋಗಬೇಡಿ. ನೆಲಕ್ಕೆ ಅಂಟಿದಂತೆ ಎಲೆ ಹರಡುವ ಮ್ಯಾಂಡ್ರೇಕ್ ಅದೇ ಹೊಲದಲ್ಲಿ ಅದೇ ಋತುವಿನಲ್ಲಿ ಬೆಳೆಯುತ್ತದೆ, ಕಡು ವಿಷ. ಬಲ್ಲವರೊಂದಿಗೆ ಹೋಗಿ, ಇಲ್ಲವೇ ಸಂತೆಯಲ್ಲಿ ಕೊಳ್ಳಿ.

ಪ್ರಶ್ನೆ: ಮಧ್ಯಾಹ್ನ ಮಿಕ್ಸಿ ಹಾಕಿದ್ದಕ್ಕೆ ಪಕ್ಕದವರು ಬಾಗಿಲು ಬಡಿದರು. ಅಂಗಡಿಗೆ ಹೋದರೆ ಬೀಗ. ಇಲ್ಲಿ ಹೊತ್ತಿನ ಲೆಕ್ಕವೇನು?

ಉತ್ತರ: ಅಕ್ಟೋಬರ್ 1ರಿಂದ ಮಾರ್ಚ್ 31ರವರೆಗೆ ಮಧ್ಯಾಹ್ನ 3.30ರಿಂದ 5.30, ರಾತ್ರಿ 10ರಿಂದ ಬೆಳಗ್ಗೆ 7.30 ಗದ್ದಲ ಮಾಡಬಾರದ ಹೊತ್ತು. ಇದು ಬರೀ ಮರ್ಯಾದೆಯ ಮಾತಲ್ಲ, ಪೊಲೀಸರ ನಿಯಮ. ಅಂಗಡಿಗಳು ಸಾಮಾನ್ಯವಾಗಿ ಸೋಮವಾರ, ಬುಧವಾರ, ಶನಿವಾರ ಮಧ್ಯಾಹ್ನದವರೆಗೆ ಮಾತ್ರ. ಮಂಗಳವಾರ, ಗುರುವಾರ, ಶುಕ್ರವಾರ ಸಂಜೆ ಮತ್ತೆ ತೆರೆಯುತ್ತವೆ. ಭಾನುವಾರ ರಜೆ. ಜನವರಿ 6ರಂದೂ ಎಲ್ಲ ಬಂದ್. ಅಂದು ಪಾದ್ರಿ ಬಂದರಿನಲ್ಲಿ ಶಿಲುಬೆಯನ್ನು ನೀರಿಗೆಸೆಯುತ್ತಾರೆ, 16 ಡಿಗ್ರಿಯ ಸಮುದ್ರಕ್ಕೆ ಹುಡುಗರು ಧುಮುಕುತ್ತಾರೆ. ಅಂಗಡಿ ಕೆಲಸವನ್ನು ಹಿಂದಿನ ದಿನ ಮುಗಿಸಿಕೊಂಡರೆ ನೀವೂ ಹೋಗಿ ನೋಡಬಹುದು.

ಪ್ರಶ್ನೆ: ಅಪ್ಪ, ಅಮ್ಮನನ್ನು ಎರಡು ತಿಂಗಳು ಕರೆಸಿಕೊಳ್ಳುತ್ತಿದ್ದೇವೆ. ಅಪ್ಪನಿಗೆ ಬಿ.ಪಿ., ಹೃದಯದ ಮಾತ್ರೆಗಳಿವೆ. ಯಾವ ಏರ್ಪಾಡು ಬೇಕು?

ಉತ್ತರ: ಎರಡು ತಿಂಗಳ ಮಾತ್ರೆಯನ್ನೂ ಮೂರು ವಾರದ ಹೆಚ್ಚಿನದನ್ನೂ ಅವರ ಜೊತೆಗೇ, ಕೈಚೀಲದಲ್ಲಿ ತರಿಸಿ. ಚೀಟಿಯಲ್ಲಿ ಕಂಪನಿಯ ಹೆಸರಿಗಿಂತ ಔಷಧದ ಮೂಲ ಹೆಸರಿರಬೇಕು, ಹಸಿರು ಶಿಲುಬೆಯ ಔಷಧದಂಗಡಿಯವರು ಅದನ್ನೇ ಓದುವುದು. ರಾತ್ರಿಯ, ರಜೆಯ ಸರದಿ ಯಾರದೆಂದು ಅಂಗಡಿಯ ಬಾಗಿಲಿಗೆ ಅಂಟಿಸಿರುತ್ತಾರೆ. ಆಂಬುಲೆನ್ಸಿಗೆ 166, ಎಲ್ಲ ತುರ್ತಿಗೂ 112.

ಸಿರೋಸ್, ಖಿಯೋಸ್, ಲೆಸ್ಬೋಸ್, ರೋಡ್ಸ್, ಕ್ರೀಟ್‌ನಂಥ ಕಡೆ ಆಸ್ಪತ್ರೆಗಳಿವೆ. ಸಣ್ಣ ದ್ವೀಪದಲ್ಲಿ ಆರೋಗ್ಯ ಕೇಂದ್ರ, ಇನ್ನೂ ಸಣ್ಣದರಲ್ಲಿ ಒಬ್ಬ ವೈದ್ಯರಷ್ಟೇ. ಗಂಭೀರವಾದರೆ ಹೆಲಿಕಾಪ್ಟರಿನಲ್ಲಿ ಸಾಗಿಸುತ್ತಾರೆ, ಅದೂ ಗಾಳಿ ಬಿಟ್ಟರೆ. ಹೃದಯದ ತೊಂದರೆ ಇತ್ತೀಚಿನದಾದರೆ ಆಸ್ಪತ್ರೆ ಇರುವ ದ್ವೀಪದಲ್ಲೇ ಅವರನ್ನು ಇಟ್ಟುಕೊಳ್ಳಿ. ವೀಸಾಕ್ಕೆ ಬೇಕಾದ 30 ಸಾವಿರ ಯೂರೊ ವಿಮೆ ಕೊಳ್ಳುವಾಗ ಹಳೆಯ ಕಾಯಿಲೆಗೆ ಅನ್ವಯಿಸುತ್ತದೆಯೇ ಎಂದು ಓದಿಕೊಳ್ಳಿ, ಬಹಳಷ್ಟು ವಿಮೆಗಳಿಗೆ ಅದು ಅನ್ವಯಿಸದು.

ಪ್ರಶ್ನೆ: ಬಟ್ಟೆಬರೆ ಏನೇನು ಒಯ್ಯಬೇಕು?

ಉತ್ತರ: ಹಿಮಕ್ಕೆ ತೊಡುವ ದಪ್ಪ ಕೋಟು ಬೇಡ. ಗಾಳಿ ತೂರದ, ತಲೆಗೆ ಮುಸುಕಿರುವ ಮಳೆ ಜಾಕೆಟ್ ಮತ್ತು ಒಳಗೆ ತೊಡಲು ಎರಡು ಉಣ್ಣೆಯ ಪದರ ಇರಲಿ. ಕೊಡೆಯನ್ನು ಮೊದಲ ಬಿರುಗಾಳಿಯೇ ಮುರಿದು ಹಾಕುತ್ತದೆ. ಮನೆಯೊಳಗೆ ದಪ್ಪ ಅಡಿಯ ಚಪ್ಪಲಿ ಖಂಡಿತ ಬೇಕು, ನೆಲ ಅಷ್ಟು ತಣ್ಣಗಿರುತ್ತದೆ. ಹೊರಗೆ ಹಿಡಿತವಿರುವ ರಬ್ಬರ್ ಅಡಿಯ ಶೂ, ಯಾಕೆಂದರೆ ಕಾಲುಗಳಿಂದ ಸವೆದ ಅಮೃತಶಿಲೆಯ ಮೆಟ್ಟಿಲು ಒದ್ದೆಯಾದರೆ ಎಣ್ಣೆ ಹಚ್ಚಿದಂತಿರುತ್ತದೆ.